ಹಣೆಬರಹದ ಖಾತೆಗೆ ಬರೆದ ಜ್ವರ

ಗ್ರಹಣ ಹಿಡಿದಾಗ ಬಸುರಿಯನ್ನು ಒಳಕೋಣೆಯಲ್ಲಿ ಕೂರಿಸಿ ಕಿಟಕಿಗೆ ಕಂಬಳಿ ಕಟ್ಟುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ಹೊತ್ತಿನಲ್ಲಿ ಅವಳು ತರಕಾರಿ ಹೆಚ್ಚಬಾರದು, ಸೂಜಿ ಹಿಡಿಯಬಾರದು. ಅದೇ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನ ಮುಚ್ಚಳ ಹೋದ ಮಳೆಗಾಲದಲ್ಲೇ ಹಾರಿಹೋಗಿದ್ದರೂ ಅದನ್ನು ಹುಡುಕುವ ಅವಸರ ಯಾರಿಗೂ ಇರುವುದಿಲ್ಲ. ಗ್ರಹಣದ ನೆರಳು ಇದುವರೆಗೆ ಯಾವ ಭ್ರೂಣವನ್ನೂ ಮುಟ್ಟಿಲ್ಲ. ಟ್ಯಾಂಕಿನಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆ ಮುಟ್ಟಬಲ್ಲದು.

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1990ರ ದಶಕದಿಂದ ಅಲ್ಲಿ ಕಟ್ಟಡಗಳು ಎದ್ದಂತೆ ಮಲೇರಿಯಾವೂ ಎದ್ದಿತು. ಕಾಂಕ್ರೀಟ್ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಬಾಯಿ ತೆರೆದ ಸಂಪು ಸೊಳ್ಳೆಗೆ ತೊಟ್ಟಿಲಾದವು. ಪಕ್ಕದ ತಗಡಿನ ಶೆಡ್ಡಿನಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಮಲಗುತ್ತಿದ್ದವು. ಅವರಲ್ಲಿ ಚೊಚ್ಚಲ ಬಸುರಿಯರೂ ಇದ್ದರು. ಅಂಥವಳಿಗೆ ಚಳಿ ಹಿಡಿದು ಜ್ವರ ಬಂದರೆ ಮೊದಲು ಕೇಳಿಬರುವ ಮಾತು, 'ಬಸುರಿಗೆ ಮಾತ್ರೆ ಕೊಡಬೇಡಿ, ಉಷ್ಣ ಆಗುತ್ತದೆ.' ಎರಡು ದಿನ ಕಷಾಯದಲ್ಲಿ ಕಳೆಯುತ್ತದೆ.

ಆ ಎರಡು ದಿನ ಪರಾವಲಂಬಿ ಸುಮ್ಮನಿರುವುದಿಲ್ಲ. ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ಮಾಸಿನ ಗೋಡೆಗೆ ಅಂಟಿಕೊಳ್ಳುತ್ತವೆ. ಅವು ಅಲ್ಲಿನ ಕೊಂಡ್ರಾಯ್ಟಿನ್ ಸಲ್ಫೇಟ್ ಎಂಬ ವಸ್ತುವನ್ನು ಹಿಡಿದು ನಿಲ್ಲುತ್ತವೆ ಎಂಬುದು 1996ರಲ್ಲಿ ತಿಳಿಯಿತು. ಚೊಚ್ಚಲ ಬಸಿರಿಗೆ ಹೆಚ್ಚು ಪೆಟ್ಟು ಬೀಳುವ ಗುಟ್ಟೂ ಇಲ್ಲಿದೆ. ಮಾಸೇ ಹೊಸದು, ಅದಕ್ಕೆ ಅಂಟುವ ಪರಾವಲಂಬಿಯ ಪರಿಚಯ ಆ ದೇಹಕ್ಕಿನ್ನೂ ಆಗಿಲ್ಲ. ತಾಯಿಗೆ ರಕ್ತಹೀನತೆ, ಮಗುವಿಗೆ ಕಡಿಮೆ ತೂಕ; ಕೆಲವೊಮ್ಮೆ ಗರ್ಭಪಾತ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು. ಇಷ್ಟೆಲ್ಲ ಮಾಸಿನೊಳಗೆ ನಡೆಯುತ್ತಿರುವಾಗ ಬೆರಳ ತುದಿಯಿಂದ ತೆಗೆದ ಹನಿಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ಜ್ವರ ಬಿಡದಿದ್ದರೆ ಒಂದು 'ನೆಗೆಟಿವ್' ಚೀಟಿಯನ್ನು ನಂಬಿ ಕೂರುವಂತಿಲ್ಲ, ರಕ್ತವನ್ನು ಮತ್ತೆ ಪರೀಕ್ಷಿಸಬೇಕು.

ಯಾವ ಮಲೇರಿಯಾ ಎಂದು ತಿಳಿಯುವುದೂ ಅಷ್ಟೇ ಮುಖ್ಯ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್‌ಗೆ ಕ್ಲೋರೋಕ್ವಿನ್ ಸಾಕು, ಅದು ಬಸುರಿಗೂ ಸಲ್ಲುತ್ತದೆ. ಆದರೆ ಯಕೃತ್ತಿನಲ್ಲಿ ಅಡಗಿ ಮಲಗುವ ವೈವಾಕ್ಸನ್ನು ಹೊರಹಾಕುವ ಪ್ರೈಮಾಕ್ವಿನ್ ಅವಳಿಗೆ ಕೊಡುವಂತಿಲ್ಲ. ಹುಟ್ಟಲಿರುವ ಮಗುವಿಗೆ ಜಿ6ಪಿಡಿ ಕಿಣ್ವದ ಕೊರತೆಯಿದ್ದರೆ ಅದರ ರಕ್ತಕಣಗಳು ಒಡೆಯುವ ಅಪಾಯವಿದೆ. ಹೀಗಾಗಿ ಹೆರಿಗೆಯವರೆಗೆ ಕಾಯಬೇಕು, ಜ್ವರ ಮರುಕಳಿಸೀತೆಂದು ಎಚ್ಚರದಿಂದಿರಬೇಕು. ಇದು ಕಾರಣ ಗೊತ್ತಿರುವ 'ಬೇಡ'. ಕಷಾಯದ ಮನೆಯ 'ಬೇಡ'ಕ್ಕೆ ಕಾರಣ ಕೇಳಿದರೆ ಹಿರಿಯರ ಹೆಸರು ಹೇಳುತ್ತಾರೆ.

ಅಜ್ಜಿಯರನ್ನಷ್ಟೇ ಬೈದರೆ ನ್ಯಾಯವಾಗದು. 1972ರಲ್ಲಿ ಚೀನಾದ ತು ಯೂಯೂ ಅವರ ತಂಡ ಒಂದು ಗಿಡದಿಂದ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧ ತೆಗೆಯಿತು. ಸಾಮಾನ್ಯ ಫಾಲ್ಸಿಪಾರಂ ಮಲೇರಿಯಾಕ್ಕೆ ಬಸಿರಿನ ಮೊದಲ ಮೂರು ತಿಂಗಳಲ್ಲೂ ಅದರ ಮೂಲದ ಜೋಡಿ ಔಷಧ ಆರ್ಟೆಮೆಥರ್-ಲ್ಯುಮೆಫ್ಯಾಂಟ್ರಿನ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2022ರಲ್ಲಿ. ನಡುವೆ ಐವತ್ತು ವರ್ಷ. ಅಂಜಿಕೆಗೆ ಆಧಾರವಿತ್ತು: ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಭ್ರೂಣಕ್ಕೆ ಹಾನಿಯಾಗಿತ್ತು, ಬಸುರಿಯರು ನುಂಗಿದ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ಥಾಲಿಡೊಮೈಡ್ ದುರಂತವೂ ನೆನಪಿನಲ್ಲಿತ್ತು. ಆದರೆ ಔಷಧ ಪ್ರಯೋಗಗಳಿಂದ ಗರ್ಭಿಣಿಯರನ್ನು ಹೊರಗಿಟ್ಟಿದ್ದರಿಂದ ಆ ಸಂಶಯ ಪರಿಹಾರವಾಗಲೇ ಇಲ್ಲ. ಅಲ್ಲಿಯವರೆಗೆ ಮೊದಲ ಮೂರು ತಿಂಗಳ ಬಸುರಿಯರ ಪಾಲಿಗೆ ಉಳಿದದ್ದು ಏಳು ದಿನದ ಕ್ವಿನೈನ್: ಬಾಯಿಗೆ ಕಹಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ರಕ್ತದ ಸಕ್ಕರೆ ಕುಸಿಯುವ ಭಯ. ಎಷ್ಟೋ ಹೆಂಗಸರು ಅದನ್ನು ಅರ್ಧಕ್ಕೇ ಬಿಟ್ಟರು. ಕೊನೆಗೆ, ಬಸಿರು ನಿಂತದ್ದು ತಿಳಿಯದೆಯೂ ಬೇರೆ ದಾರಿಯಿಲ್ಲದೆಯೂ ಹೊಸ ಔಷಧ ತೆಗೆದುಕೊಂಡ ಹೆಂಗಸರ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಅದು ಕ್ವಿನೈನ್‌ಗಿಂತ ಹೆಚ್ಚು ಅಪಾಯಕಾರಿ ಅಲ್ಲವೆಂದು ತಿಳಿಯಿತು. ಒಳಕೋಣೆಯಲ್ಲಿ ಕೂರಿಸಿ ಕಾಪಾಡುವ ರೂಢಿ ವಿಜ್ಞಾನದ ಮನೆಯಲ್ಲೂ ಇತ್ತು.

ಈ ರೂಢಿಯ ಬೇರು ನಾವು ತಪ್ಪುಗಳ ಲೆಕ್ಕ ಬರೆಯುವ ರೀತಿಯಲ್ಲಿದೆ. ಔಷಧ ಕೊಟ್ಟ ಮೇಲೆ ಮಗು ಹೋದರೆ ಕೊಟ್ಟವರನ್ನು ಹಿಡಿಯುತ್ತೇವೆ. ಕೊಡದೆ ಹೋದರೆ ಹಣೆಬರಹ ಎನ್ನುತ್ತೇವೆ. ಕೈಕಟ್ಟಿ ಕೂತವನಿಗೆ ಪಾಪವಿಲ್ಲ ಎಂಬ ಈ ನಂಬಿಕೆಯ ಮುಂದೆ ಗ್ರಹಣದ ನಂಬಿಕೆ ಏನೇನೂ ಅಲ್ಲ. ಏಕೆಂದರೆ ಗ್ರಹಣ ಕೆಲವು ಗಂಟೆಗಳಲ್ಲಿ ಬಿಡುತ್ತದೆ.

ವೈದ್ಯರ ಮುಂದೆ ಕೂತ ಗಂಡ, ಅತ್ತೆ ಕೇಳುವುದು ಒಂದೇ: 'ಈ ಮಾತ್ರೆಯಿಂದ ಮಗುವಿಗೆ ಏನೂ ಆಗುವುದಿಲ್ಲ ತಾನೆ?' ಕೇಳಬೇಕಾದ ಪ್ರಶ್ನೆಯೇ. ಅದರ ಹಿಂದೆಯೇ ಇನ್ನೊಂದನ್ನು ಕೇಳುವುದು ಕಲಿಯೋಣ: 'ಕೊಡದಿದ್ದರೆ ಇವಳಿಗೆ ಏನಾಗುತ್ತದೆ?'