ಕಾಣದವನೊಡನೆ ವ್ಯವಹಾರ

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಅತ್ಯಂತ ಚಿಕ್ಕದಾದ ಶಿಕೋಕುವಿನಲ್ಲಿ 88 ಬೌದ್ಧ ದೇವಾಲಯಗಳನ್ನು ದರ್ಶಿಸುವ ಪುರಾತನ ಯಾತ್ರಾಪಥವೊಂದಿದೆ. ಕೋಬೊ ದೈಶಿ ಎಂಬ ಬಿರುದಿನಿಂದ ಪ್ರಸಿದ್ಧನಾದ ಕೂಕೈ ಆಚಾರ್ಯನ (774–835) ಸ್ಮರಣೆಗೆ ಮೀಸಲಾದ ಈ ಪಥವು ದ್ವೀಪವನ್ನು ಒಂದು ಸುತ್ತು ಬಳಸಿ ಬರುತ್ತದೆ. ಅದರ ಉದ್ದ ಸುಮಾರು 1,200 ಕಿಲೋಮೀಟರು. ಹಿಂದೆ ಜನ ಇದನ್ನು ಕಾಲ್ನಡಿಗೆಯಲ್ಲಿಯೇ ಪೂರೈಸುತ್ತಿದ್ದರು. ಇಂದು ಬಸ್ಸು ಕಾರುಗಳಲ್ಲಿ ಹೋಗುವವರೇ ಹೆಚ್ಚು. ಸೈಕಲ್ಲಿನಲ್ಲಿ ಹೋಗುವವರೂ ಉಂಟು.

ಬಸ್ಸಿನಲ್ಲಿ ಕುಳಿತವನ ಗಮನಕ್ಕೆ ಬಾರದ ಒಂದು ವಸ್ತು ಸೈಕಲ್ ಸವಾರನ ಕಣ್ಣಿಗೆ ಬೀಳುತ್ತದೆ. ಅದು ಕಾಯುವವರಿಲ್ಲದ ಅಂಗಡಿ. ಹೊಲದ ಅಂಚಿನಲ್ಲಿ ನಾಲ್ಕು ಹಲಗೆ, ಮೇಲೊಂದು ತಗಡಿನ ಮಾಡು. ಹಲಗೆಯ ಮೇಲೆ ಸೌತೆಕಾಯಿ, ಮೂಲಂಗಿ, ಕಿತ್ತಳೆಗಳ ಸಣ್ಣ ಸಣ್ಣ ಚೀಲಗಳು. ಪಕ್ಕದಲ್ಲಿ ಬೆಲೆ ಬರೆದ ರಟ್ಟು, ಹಣ ಹಾಕಲು ಒಂದು ಡಬ್ಬಿ. ಚೀಲವೊಂದಕ್ಕೆ 100 ಯೆನ್ ಎಂಬುದು ಸಾಮಾನ್ಯ ದರ. ಬೆಳೆದವನು ಅಲ್ಲಿರುವುದಿಲ್ಲ. ಜಪಾನಿನ ಗ್ರಾಮಾಂತರದಲ್ಲೆಲ್ಲ ಈ ಪದ್ಧತಿ ಬಳಕೆಯಲ್ಲಿದೆ. ತರುಣರು ನಗರ ಸೇರಿ ವೃದ್ಧರೇ ಉಳಿದಿರುವ ಹಳ್ಳಿಗಳಲ್ಲಿ ಅಂಗಡಿ ಕಾಯಲು ಆಳನ್ನು ಎಲ್ಲಿಂದ ತರುವುದು? ವಿಶ್ವಾಸವೇ ಅಲ್ಲಿ ಗುಮಾಸ್ತ.

ಇಬ್ಬರು ಸ್ನೇಹಿತರು ಈ ಪಥದಲ್ಲಿ ಸೈಕಲ್ಲಿನ ಮೇಲೆ ಹೊರಟಿದ್ದಾರೆಂದು ಭಾವಿಸಬಹುದು. 23ನೆಯ ದೇವಾಲಯದಿಂದ ಮುರೋತೊ ಭೂಶಿರದ 24ನೆಯ ದೇವಾಲಯಕ್ಕೆ ಸುಮಾರು 75 ಕಿಲೋಮೀಟರು. ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಬೆಟ್ಟ. ಕಾಲಿನಲ್ಲಿ ಕಸುವುಳ್ಳವನು ಎರಡು ತಿರುವು ಮುಂದೆ ಹೋಗಿದ್ದಾನೆ. ಹಿಂದುಳಿದವನು ಬಾಯಾರಿ ಇಂತಹ ಹಲಗೆಯ ಮುಂದೆ ಇಳಿಯುತ್ತಾನೆ. ಕಿತ್ತಳೆಯ ಚೀಲವಿದೆ. ಆದರೆ ಅವನ ಜೇಬಿನಲ್ಲಿರುವುದು 1,000 ಯೆನ್ನಿನ ಒಂದೇ ನೋಟು. ಚಿಲ್ಲರೆ ಕೊಡುವವರು ಯಾರೂ ಇಲ್ಲ. ನೋಡುವವರೂ ಯಾರೂ ಇಲ್ಲ. ಅವನು ಏನು ಮಾಡಬೇಕು?

ಮನಸ್ಸು ಮೊದಲು ಸೂಚಿಸುವ ಉಪಾಯ ಉದ್ರಿ. “ಈಗ ಒಯ್ಯುವೆನು, ಮುಂದೆಂದಾದರೂ ಕೊಡುವೆನು” ಎಂಬುದು. ಅದೇ ಊರಿನವನಾದರೆ ಈ ಮಾತಿಗೆ ಅರ್ಥವಿದೆ, ಏಕೆಂದರೆ ಅವನು ನಾಳೆಯೂ ಅದೇ ದಾರಿಯಲ್ಲಿ ಬರುತ್ತಾನೆ. ಯಾತ್ರಿಕನ ದಾರಿಯಾದರೋ ವರ್ತುಲಾಕಾರದ್ದು. ಅವನು ನಾಳೆ ಮುಂದಿನ ಊರಿನಲ್ಲಿರುತ್ತಾನೆ. ಮರಳಿ ಬಾರದವನ ಉದ್ರಿಗೂ ಕಳವಿಗೂ ಖಾತೆಯ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಅದೂ ಅಲ್ಲದೆ, ಉದ್ರಿಯೆಂಬುದು ಕೊಡುವವನು ಒಪ್ಪಿ ಬರೆದುಕೊಳ್ಳುವಂಥದು. ತೆಗೆದುಕೊಳ್ಳುವವನು ತಾನೇ ಬರೆದುಕೊಂಡದ್ದು ಉದ್ರಿಯಾಗಲಾರದು.

ಎರಡನೆಯ ಉಪಾಯ ಇನ್ನೂ ಸೂಕ್ಷ್ಮವಾದುದು. ಈ ದ್ವೀಪದಲ್ಲಿ ಯಾತ್ರಿಕರಿಗೆ ಹಣ್ಣು, ಚಹಾ, ತಿಂಡಿ, ಕೆಲವೊಮ್ಮೆ ಹಣವನ್ನೂ ಕೊಟ್ಟು ಸತ್ಕರಿಸುವ ‘ಒಸೆತ್ತಾಯ್’ ಎಂಬ ರೂಢಿಯಿದೆ. ಅದನ್ನು ಬೇಡವೆನ್ನಬಾರದು, ಪಡೆದವನು ತನ್ನ ಹೆಸರು ಬರೆದ ಚೀಟಿಯನ್ನು ಕೊಟ್ಟು ಕೃತಜ್ಞತೆ ಸೂಚಿಸಬೇಕು. ಹತ್ತು ದಿನ ಹೀಗೆ ಪಡೆಯುತ್ತ ಬಂದವನಿಗೆ ಕೈ ನೀಡುವುದು ಅಭ್ಯಾಸವಾಗಿಬಿಡುತ್ತದೆ. “ಈ ಜನ ಉದಾರಿಗಳು, ಇದನ್ನೂ ಕೊಟ್ಟೇ ಕೊಡುತ್ತಿದ್ದರು” ಎಂದು ಅವನಿಗೆ ತೋರಬಹುದು. ಆದರೆ ದಾನವನ್ನು ದಾನವನ್ನಾಗಿ ಮಾಡುವುದು ಕೊಡುವವನ ಇಚ್ಛೆಯೇ ಹೊರತು ಪಡೆಯುವವನ ಊಹೆಯಲ್ಲ. ಕೊಟ್ಟದ್ದನ್ನು ಬೇಡವೆನ್ನಬಾರದು, ನಿಜ. ಬೆಲೆ ಬರೆದಿಟ್ಟದ್ದನ್ನು ಕೊಟ್ಟದ್ದೆಂದು ಎಣಿಸಲೂಬಾರದು.

“100 ಯೆನ್ನಿನಿಂದ ಯಾರು ಬಡವರಾಗುತ್ತಾರೆ?” ಎಂದು ಕೇಳುವವರಿದ್ದಾರೆ. ಹಣವನ್ನಷ್ಟೇ ಎಣಿಸಿದರೆ ಈ ಪ್ರಶ್ನೆ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಹಲಗೆಯ ಮೇಲೆ ಕಿತ್ತಳೆಯ ಜೊತೆಗೆ ಇನ್ನೊಂದು ಸರಕೂ ಇದೆ, ಅದು ವಿಶ್ವಾಸ. ಕಳವು ಹೆಚ್ಚಿದ ಕೆಲವೆಡೆ ರೈತರು ಕ್ಯಾಮೆರಾ ಹಾಕಿದ್ದಾರೆ, ನಾಣ್ಯ ತೂರಿಸಿದರೆ ಮಾತ್ರ ಬಾಗಿಲು ತೆರೆಯುವ ಕಪಾಟುಗಳನ್ನು ಇರಿಸಿದ್ದಾರೆ. ಹಣ ಕೊಡದೆ ಚೀಲ ಒಯ್ದವನು ಹಣ್ಣಿನ ಜೊತೆಗೆ ತನ್ನ ಹಿಂದೆ ಬರುವ ಯಾತ್ರಿಕನಿಗೆ ದೊರೆಯಬೇಕಾಗಿದ್ದ ವಿಶ್ವಾಸವನ್ನೂ ಒಯ್ದನು. ಆ ಸಾಲವನ್ನು ಯಾವ ನಾಣ್ಯದಿಂದಲೂ ತೀರಿಸುವಂತಿಲ್ಲ.

ಜೊತೆಗಾರನು ಪಕ್ಕದಲ್ಲಿಯೇ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎನ್ನಬಹುದು. ಅವನ ಮುಂದೆ ಯಾರೂ ಹಣ ಕೊಡದೆ ಒಯ್ಯಲಾರರು. ಆದರೆ ಜೊತೆಗಾರನಿದ್ದಾಗ ಮಾತ್ರ ಇರುವ ಪ್ರಾಮಾಣಿಕತೆ ಯಾರದು? ಅದು ಅವನ ಕಣ್ಣಿನದೇ ಹೊರತು ನಮ್ಮ ಮನಸ್ಸಿನದಲ್ಲ. ಹಾಗೆ ಬಾಳುವವನಿಗೆ ಸ್ನೇಹಿತನು ಸ್ನೇಹಿತನಾಗಿ ಉಳಿಯುವುದಿಲ್ಲ, ಕಾವಲುಗಾರನಾಗುತ್ತಾನೆ.

ಈ ಪಥದ ಸಂಪ್ರದಾಯದಲ್ಲಿಯೇ ಇದಕ್ಕೊಂದು ಉತ್ತರವಿದೆ. ಒಂಟಿಯಾಗಿ ನಡೆಯುವವನ ಹುಲ್ಲಿನ ಟೋಪಿಯ ಮೇಲೂ ‘ದೋಗ್ಯೋ ನಿನಿನ್’ ಎಂದು ಬರೆದಿರುತ್ತದೆ. ಇಬ್ಬರು ಜೊತೆಯಾಗಿ ಹೋಗುತ್ತಿದ್ದಾರೆ ಎಂದು ಅದರ ಅರ್ಥ. ಎರಡನೆಯವನು ಕೋಬೊ ದೈಶಿ. ಹಾಗಾದರೆ ಅವನೂ ಕಾಣದ ಕಾವಲುಗಾರನೇ ಎಂಬ ಶಂಕೆ ಬರಬಹುದು. ಅಲ್ಲಿಯ ಆಚಾರ ಬೇರೊಂದನ್ನು ಹೇಳುತ್ತದೆ. ಯಾತ್ರಿಕನ ಊರುಗೋಲನ್ನು ದೈಶಿಯ ಸ್ವರೂಪವೆಂದೇ ತಿಳಿಯುತ್ತಾರೆ. ಸಂಜೆ ವಸತಿಗೆ ಬಂದವನು ತನ್ನ ಕಾಲು ತೊಳೆಯುವ ಮೊದಲು ಕೋಲಿನ ಬುಡವನ್ನು ತೊಳೆಯಬೇಕು. ಎಹಿಮೆ ಪ್ರಾಂತದ ಓಜು ಎಂಬಲ್ಲಿ ಒಂದು ಸೇತುವೆಯಿದೆ. ಎಲ್ಲಿಯೂ ಆಶ್ರಯ ದೊರೆಯದೆ ದೈಶಿ ಅದರ ಕೆಳಗೆ ಒಂದು ರಾತ್ರಿ ಕಳೆದನಂತೆ. ಚಳಿ ಹಸಿವುಗಳಲ್ಲಿ ಆ ಒಂದು ರಾತ್ರಿ ಹತ್ತು ರಾತ್ರಿಗಳಷ್ಟು ದೀರ್ಘವಾಯಿತಂತೆ. ಈ ಐತಿಹ್ಯವನ್ನು ನೆನೆದು, ಇಂದಿಗೂ ಯಾತ್ರಿಕರು ಯಾವ ಸೇತುವೆಯ ಮೇಲೂ ಕೋಲನ್ನು ಊರದೆ ಎತ್ತಿಕೊಂಡು ದಾಟುತ್ತಾರೆ. ಕೆಳಗೆ ಮಲಗಿರುವವನಿಗೆ ನಿದ್ರಾಭಂಗವಾಗಬಾರದಲ್ಲವೇ?

ಇಲ್ಲಿ ಕಾಣದವನು ಶಿಕ್ಷಿಸುವವನಲ್ಲ. ದಣಿದು ಮಲಗಿದವನು, ಉಪಚಾರಕ್ಕೆ ಪಾತ್ರನಾದವನು. ಅವನ ಮುಂದೆ ಜನ ಭಯದಿಂದ ನಡೆಯುವುದಿಲ್ಲ, ಕಾಳಜಿಯಿಂದ ನಡೆಯುತ್ತಾರೆ. ಹಲಗೆಯ ಹಿಂದೆಯೂ ಕಾಣದ ಒಬ್ಬನಿದ್ದಾನೆ. ಬಾಗಿದ ಬೆನ್ನಿನಲ್ಲಿ ಹಣ್ಣು ಕಿತ್ತು, ಚೀಲ ಕಟ್ಟಿ, ಮನೆಗೆ ಹಿಂದಿರುಗಿದ ವೃದ್ಧ. ಸೇತುವೆಯ ಮೇಲೆ ಕೋಲನ್ನು ಎತ್ತಿಕೊಂಡವನು ಈ ಡಬ್ಬಿಯ ಮುಂದೆ ಕೈಯನ್ನು ಹಿಡಿದುಕೊಳ್ಳಲಾರನೇ? ಹಿಡಿದುಕೊಳ್ಳಲಾರದಿದ್ದರೆ ಕೋಲನ್ನು ಎತ್ತಿದ್ದು ಬರಿಯ ವ್ಯಾಯಾಮ.

ಹಿಂದುಳಿದ ಸವಾರನ ಮುಂದೆ ಈಗ ಮೂರು ದಾರಿಗಳು ಉಳಿದಿವೆ. ಶಕ್ತಿಯಿದ್ದರೆ 1,000 ಯೆನ್ನಿನ ನೋಟನ್ನೇ ಹಾಕಬಹುದು. ಇಲ್ಲದಿದ್ದರೆ ಬಾಯಾರಿಕೆಯೊಡನೆ ಮುಂದಿನ ಊರಿಗೆ ಹೋಗಬಹುದು. ಅದೂ ಆಗದಿದ್ದರೆ ಗೆಳೆಯನನ್ನು ಕೂಗಿ ಕರೆದು ಒಂದು ನಾಣ್ಯ ಕೇಳಬಹುದು. ರಾತ್ರಿ ಒಂದೇ ಸೂರಿನಡಿ ಊಟ ಮಾಡುವವರ ನಡುವಣ ಸಾಲಕ್ಕೆ ತೀರುವ ದಾರಿಯಿದೆ. ಹಿಂದಿರುಗಿ ಬರಬೇಕಾದ ಎರಡು ತಿರುವುಗಳು ಗೆಳೆಯನಿಗೆ ಹೊರೆಯೆನಿಸಬಹುದು. ಆದರೆ ಹಿಂದೆ ಉಳಿದವನೂ ಇಷ್ಟು ಹೊತ್ತು ಅವನ ಪಾಲಿಗೆ ಕಾಣದವನೇ ಆಗಿದ್ದನು. ಆ ಎರಡು ತಿರುವುಗಳು ಅವನು ಮೊದಲೇ ತೆರಬೇಕಾಗಿದ್ದ ಬೆಲೆ.