ಬಿಟ್ಟ ಸ್ಥಳ

ಅಪ್ಪ ಅಮ್ಮನಿಗೆ ಬರೆದ ನಲವತ್ತೆರಡು ಕಾಗದಗಳು ನನ್ನ ಬೀರುವಿನಲ್ಲಿವೆ. ಅಮ್ಮ ಬರೆದದ್ದು ಒಂದೂ ಇಲ್ಲ. ವರ್ಗವಾದಲ್ಲೆಲ್ಲ ಒಂಟಿ ಕೋಣೆ ಹಿಡಿದು ಇರುತ್ತಿದ್ದ ಅಪ್ಪ ಕಾಗದ ಎತ್ತಿಡುವ ಪೈಕಿಯಲ್ಲ. ಅಮ್ಮನಾದರೋ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ಜೋಪಾನ ಮಾಡಿದ್ದಳು.

ಇವು ಮತ್ತೆ ನನ್ನನ್ನು ಕಾಡತೊಡಗಿದ್ದು ಮಗಳು ಕೇಳಿಸಿದ ಲ್ಯೂಟ್ ವಾದನದಿಂದ. ಅರ್ಧ ಪಪ್ಪಾಯಿಯಂತೆ ಉಬ್ಬಿದ ಬೆನ್ನು, ಹಿಂದಕ್ಕೆ ಮುರಿದಂತೆ ಬಾಗಿದ ತಲೆ. ಯುರೋಪಿನ ಹಳೆಯ ತಂತಿವಾದ್ಯ. 1507ರಲ್ಲಿ ವೆನಿಸ್‌ನಲ್ಲಿ ಪೆಟ್ರುಚ್ಚಿ ಅಚ್ಚು ಹಾಕಿದ ಸ್ಪಿನಾಚಿನೋನ ಪುಸ್ತಕದಲ್ಲೇ ಇಬ್ಬರು ಕೂಡಿ ನುಡಿಸುವ ರಚನೆಗಳಿವೆ. ಆದರೆ ಆಮೇಲಿನ ಕೈಬರಹದ ಪುಸ್ತಕಗಳಲ್ಲಿ ಎಷ್ಟೋ ಕಡೆ ಒಬ್ಬರ ಪಾಲಷ್ಟೇ ಉಳಿದಿದೆ. ಇನ್ನೊಬ್ಬರದನ್ನು ಈಗಿನವರು ಊಹಿಸಿ ಬರೆಯುತ್ತಾರೆ.

ಅದು ಹೇಗೆ ಸಾಧ್ಯ ಅನ್ನಬಹುದು ನೀವು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಒಂದು ಬಗೆಯಿತ್ತು. ಒಬ್ಬರು ಮೇಲಿನ ಸ್ವರಗಳಲ್ಲಿ ಚುರುಕಾಗಿ ಓಡುತ್ತಾರೆ, ಇನ್ನೊಬ್ಬರು ಕೆಳಗೆ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಕಳೆದದ್ದು ಕೆಳಗಿನದಾದರೆ ಅಂಥ ಕಷ್ಟವಿಲ್ಲ. ಮೇಲಿನ ಓಟವೇ ಅದರ ಗುಟ್ಟು ಬಿಟ್ಟುಕೊಡುತ್ತದೆ. ಸರದಿಯ ಮೇಲೆ ನುಡಿಸುವ ಇನ್ನೊಂದು ಬಗೆಯಲ್ಲಿ, ಉಳಿದ ಪಾಲು ತಟ್ಟನೆ ಬರೀ ಸ್ವರಮೇಳಕ್ಕೆ ಇಳಿದರೆ ಅಲ್ಲಿ ಇನ್ನೊಬ್ಬರ ಮಾತು ಎಂದರ್ಥ. ಆದರೆ ಮೇಲೆ ಓಡಿದವರ ಪಾಲೇ ಕಳೆದಿದ್ದರೆ? ಅದು ನೂರು ಬಗೆಯಲ್ಲಿ ಓಡಿರಬಹುದು. ಮೂವತ್ತು ವರ್ಷ ಮಕ್ಕಳಿಗೆ 'ಬಿಟ್ಟ ಸ್ಥಳ ತುಂಬಿರಿ' ಎಂದವಳು ನಾನು. ನಮ್ಮಲ್ಲಿ ಉತ್ತರ ಒಂದೇ.

1559ರಲ್ಲಿ ರೋಮಿನಲ್ಲಿ ಮಾತೆಲಾರ್ಟ್ ಎಂಬಾತ, 1543ರಲ್ಲಿ ತೀರಿಕೊಂಡ ಫ್ರಾಂಚೆಸ್ಕೋ ದ ಮಿಲಾನೋನ ಒಂಟಿ ರಚನೆಗಳಿಗೆ ಎರಡನೆಯ ಲ್ಯೂಟ್ ಸೇರಿಸಿ ಪ್ರಕಟಿಸಿದ. ಅದು ನನಗೆ ತಪ್ಪೆನಿಸುವುದಿಲ್ಲ. ಅಲ್ಲಿ ಯಾರ ಮಾತೂ ಕಳೆದಿರಲಿಲ್ಲ. ಕಳೆದವರ ಜಾಗದಲ್ಲಿ ಕೂತು ಮಾತಾಡುವುದೇ ಬೇರೆ. ಒಳ್ಳೆಯ ಸಂಪಾದಕರು ತಾವು ಸೇರಿಸಿದ್ದಕ್ಕೆ ಗುರುತು ಹಾಕುತ್ತಾರೆ, ನಿಜ. ಆದರೆ ನುಡಿಸುವಾಗ ಆ ಗುರುತು ಕಿವಿಗೆ ಕೇಳಿಸುತ್ತದೆಯೆ?

1974ರ ಒಂದು ಕಾಗದದಲ್ಲಿ ಅಪ್ಪ ಬರೆದಿದ್ದಾರೆ: ನೀನು ಬರೆದದ್ದು ಸರಿ, ಬಳೆ ಅಡವಿಟ್ಟದ್ದು ನನ್ನ ತಪ್ಪು. ಅಮ್ಮ ಹೆಣ್ಣುಹುಲಿಯಂತೆ ಗರ್ಜಿಸಿ ಬರೆದಳೆಂದು ಮನೆಮಂದಿಗೆಲ್ಲ ಹೇಳಿಕೊಂಡು ಬಂದವಳು ನಾನು. ಅವಳು ಬರೆದಳೆಂದು ಸಾಲುಗಳನ್ನೂ ಒಪ್ಪಿಸುತ್ತಿದ್ದೆ. ಹೋದ ದೀಪಾವಳಿಯಲ್ಲಿ ಅಕ್ಕ ಕೇಳಿದಳು, "ಅಮ್ಮ ಯಾವಾಗಲಾದರೂ ಗರ್ಜಿಸಿದ್ದು ನೋಡಿದ್ದೀಯೇನೆ? 'ಇರಲಿ ಬಿಡಿ' ಅಂತ ಎರಡು ಸಾಲು ಬರೆದಿರುತ್ತಾಳೆ. ಅದಕ್ಕೇ ಅಪ್ಪ ನಾಚಿಕೊಂಡಿದ್ದು." ನನ್ನ ಬಾಯಿ ಕಟ್ಟಿತು. ಆ ಗರ್ಜನೆ ಅಮ್ಮನದಲ್ಲ, ನನ್ನ ಸಂಸಾರದಲ್ಲಿ ನಾನು ಗರ್ಜಿಸದೆ ನುಂಗಿಕೊಂಡದ್ದು.

ಮೊನ್ನೆ ಮೊಮ್ಮಗಳು ಬಳೆಯ ಕತೆ ಹೇಳು ಎಂದಳು. ಆ ಜಾಗ ಬಂದಾಗ ನಿಲ್ಲಿಸಿ, "ಇದು ಮಾತ್ರ ನಾನು ಸೇರಿಸಿದ್ದು ಪುಟ್ಟಿ" ಎಂದೆ.

"ಆಮೇಲೆ?" ಎಂದಳು ಅವಳು.