ಕಾಕೂ ಕೂತ ಕುರ್ಚಿ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ನಮ್ಮ ಕೆಳಗಿನ ಮನೆಯ ಕಾಕೂ ಕುರ್ಚಿಯಿಂದ ಬಿದ್ದರು. ಎಪ್ಪತ್ತರ ಹತ್ತಿರದ ಜೀವ. ಪಕ್ಕದ ಗೋಡೆಗೆ ಕೈ ಕೊಟ್ಟಿದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಎಡಗೈ ಮಣಿಕಟ್ಟು ಊದಿಕೊಂಡು ಮೂರು ವಾರ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಸಂಜೆ ನೋಡಲು ಹೋದಾಗ ನಗುತ್ತಲೇ ಅಂದರು: "ಮಾಝಂಚ್ ವಜನ್ ವಾಢಲಂಯ್ ರೇ ಬಾಬಾ." ನನ್ನದೇ ತೂಕ ಹೆಚ್ಚಾಗಿದೆಯಪ್ಪಾ ಅಂತ. ನಾನೂ ನಕ್ಕೆ. ಅವರ ಸೊಸೆ ಕೊಟ್ಟ ಚಹಾ ಕುಡಿದು ಮೇಲೆ ಬಂದೆ.

ಅವರ ತೂಕದ್ದೇನೂ ತಪ್ಪಿರಲಿಲ್ಲ. ಆ ಕುರ್ಚಿಯ ಕಾಲು ಮತ್ತು ಆಸನದ ಚೌಕಟ್ಟು ಸೇರುವ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ತುಂಡು ಮುರಿದಿತ್ತು. ಆ ತುಂಡನ್ನು ಮಾಡಿಕೊಟ್ಟವನು ನಾನು. ಅದು ಮುರಿಯಬಹುದು ಎಂಬುದು ನನಗೆ ಗೊತ್ತಿರಬೇಕಾಗಿತ್ತು ಎಂದು ಬರೆದರೆ ನನಗೆ ಹಗುರವಾಗುತ್ತದೆ. ಆದ್ದರಿಂದ ಗೊತ್ತಿತ್ತು ಎಂದೇ ಬರೆಯುತ್ತೇನೆ.

ನಾವಿರುವುದು ರಾಂಜಣಗಾಂವದಲ್ಲಿ, ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದನಗರ) ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಇಲ್ಲಿಯ ಮಹಾಗಣಪತಿ ಗೊತ್ತು. ಉಳಿದವರಿಗೆ ಕಾರು, ಫ್ರಿಜ್ಜು ತಯಾರಾಗುವ ಎಂಐಡಿಸಿ ಗೊತ್ತು. ರಾಂಜಣ ಅಂದರೆ ಮರಾಠಿಯಲ್ಲಿ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನಮ್ಮ ಗದಗಿನ ಕಡೆ ರಂಜಣಿಗೆ ಅನ್ನುತ್ತೇವಲ್ಲ, ಅದೇ. ಬಂದ ಹೊಸದರಲ್ಲಿ ಊರಿನ ಹೆಸರಾದರೂ ಪರಿಚಯದ್ದು ಅಂತ ಸಮಾಧಾನವಾಗಿತ್ತು.

ಇಲ್ಲಿಯ ಒಂದು ಕಾರ್ಖಾನೆಗೆ ತಂತ್ರಾಂಶ ಅಳವಡಿಸುವ ಪ್ರಾಜೆಕ್ಟಿಗೆ ನಾನು ಮ್ಯಾನೇಜರ್. ಒಂದು ವರ್ಷಕ್ಕೆಂದು ಬಂದವನಿಗೆ ಈಗ ನಾಲ್ಕು ವರ್ಷ. ನಮ್ಮಂಥವರ ಮನೆಯ ಸಾಮಾನಿನ ಕಥೆ ನಿಮಗೂ ಗೊತ್ತಿರುತ್ತದೆ. ವರ್ಗವಾಗಿ ಹೋಗುವವರು ಅರ್ಧ ಬೆಲೆಗೆ ಬಿಟ್ಟುಹೋದದ್ದನ್ನು ನಾವು ಕೊಳ್ಳುತ್ತೇವೆ, ನಾವು ಹೋಗುವಾಗ ಇನ್ನೊಬ್ಬರಿಗೆ ಬಿಡುತ್ತೇವೆ. ಎದುರು ಮನೆಯವರು ಚೆನ್ನೈಗೆ ಹೋಗುವಾಗ ನಾಲ್ಕು ಊಟದ ಕುರ್ಚಿ ಬಿಟ್ಟರು. ಎರಡನ್ನು ನಾವು ತೆಗೆದುಕೊಂಡೆವು, ಎರಡನ್ನು ಕಾಕೂ. ಇಂಥ ಪೀಠೋಪಕರಣಗಳು ನಿಂತಿರುವುದು ಕಣ್ಣಿಗೆ ಕಾಣದ ಸಣ್ಣ ಪ್ಲಾಸ್ಟಿಕ್ ತುಂಡುಗಳ ಮೇಲೆ. ಅವು ಮುರಿದರೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದಿಲ್ಲ. ಹತ್ತು ರೂಪಾಯಿಯ ತುಂಡಿಗಾಗಿ ಇಡೀ ಕುರ್ಚಿ ಗುಜರಿಗೆ ಹೋಗುತ್ತದೆ.

ಅದು ನನಗೆ ಸಹಿಸದ ಸಂಗತಿ. 2021ರಲ್ಲಿ ಒಂದು ಪುಟ್ಟ ತ್ರೀಡಿ ಪ್ರಿಂಟರ್ ಕೊಂಡಿದ್ದೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಜಿಲೇಬಿ ಹಾಕಿದಂತೆ ಪದರದ ಮೇಲೆ ಪದರ ಬಿಡುತ್ತಾ ವಸ್ತು ಮಾಡುವ ಯಂತ್ರ ಅದು. ಕಪಾಟಿನ ಹಲಗೆ ಹೊರುವ ಗೂಟ, ಡ್ರಾಯರಿನ ಹಿಡಿ, ಪರದೆಯ ಕೊಕ್ಕೆ, ಹೀಗೆ ಮನೆಯಲ್ಲಿ ಮುರಿದದ್ದನ್ನೆಲ್ಲ ಅಳೆದು, ಚಿತ್ರ ಬರೆದು ಮಾಡತೊಡಗಿದೆ. ಕಟ್ಟಡದಲ್ಲಿ ಸುದ್ದಿ ಹಬ್ಬಿತು. ಕಾಕೂನ ಕುರ್ಚಿಯ ಮೂಲೆ ತುಂಡು ಬಿರುಕು ಬಿಟ್ಟಾಗ ಒಂದು ಭಾನುವಾರ ಅದನ್ನೂ ಮಾಡಿಕೊಟ್ಟೆ. ದುಡ್ಡು ಬೇಡ ಅಂದದ್ದಕ್ಕೆ ಪೂರಣಪೋಳಿ ಬಂತು.

ತುಂಡು ಮಾಡಿದ್ದು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಿಂದ. ಮೆಕ್ಕೆಜೋಳದಂಥವುಗಳ ಪಿಷ್ಟದಿಂದ ಅದನ್ನು ತಯಾರಿಸುತ್ತಾರೆ. ವಾಸನೆ ಕಡಿಮೆ, ಯಂತ್ರಕ್ಕೆ ಸುಲಭ, ಬೆಲೆಯೂ ಕಡಿಮೆ. ಮಣ್ಣಿನಲ್ಲಿ ಕರಗುತ್ತದೆ ಎಂಬ ಹೆಸರೂ ಇದೆ. ನಿಜಕ್ಕೂ ಕರಗಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಕಾಯ್ದುಕೊಳ್ಳುವ ಕಾರ್ಖಾನೆ ಮಟ್ಟದ ಗೊಬ್ಬರದ ಘಟಕ ಬೇಕು. ನಮ್ಮ ತುಳಸಿ ಕುಂಡದಲ್ಲಿ ಹೂತಿಟ್ಟ ಒಂದು ಮುರಿದ ಕೊಕ್ಕೆ ಎರಡು ವರ್ಷದ ಮೇಲೂ ಹಾಗೆಯೇ ಇತ್ತು.

ಕುರ್ಚಿಗೆ ಅದು ತಕ್ಕದ್ದಲ್ಲ ಎನ್ನಲು ಕಾರಣ ಬೇರೆ. ಪಿಎಲ್‌ಎ ಕೈಗೆ ಬಹಳ ಗಟ್ಟಿ ಅನ್ನಿಸುತ್ತದೆ, ಬಾಗುವುದಿಲ್ಲ. ಆದರೆ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಅದಕ್ಕಿಂತ ಕಡಿಮೆ ಬಿಸಿಯಲ್ಲೂ, ಒಂದೇ ಸಮನೆ ಭಾರ ಬಿದ್ದರೆ, ತಿಂಗಳುಗಟ್ಟಲೆ ನಿಧಾನವಾಗಿ ಜರುಗುತ್ತದೆ. ಸ್ಕ್ರೂ ಬಿಗಿದ ಜಾಗ ತಾನಾಗಿ ಸಡಿಲವಾಗುತ್ತದೆ. ಸಡಿಲವಾದ ಮೇಲೆ ಪ್ರತಿ ಸಲ ಕೂತಾಗಲೂ ಸಣ್ಣ ಗುದ್ದು ಬೀಳುತ್ತದೆ. ಕೊನೆಗೊಂದು ದಿನ ಮುನ್ಸೂಚನೆ ಕೊಡದೆ ಚಟ್ಟನೆ ಮುರಿಯುತ್ತದೆ. ಅದರ ಮೇಲೆ ಇನ್ನೊಂದು: ಪದರ ಪದರವಾಗಿ ಮಾಡಿದ ವಸ್ತು ಪದರಗಳ ನಡುವೆಯೇ ಅತಿ ದುರ್ಬಲ. ಕಟ್ಟಿಗೆಯನ್ನು ಎಳೆಗುಂಟ ಸೀಳುವುದು ಸುಲಭವಲ್ಲವೆ, ಹಾಗೆ. ಭಾರ ಪದರಗಳನ್ನು ಬೇರ್ಪಡಿಸುವ ದಿಕ್ಕಿಗೆ ಬೀಳದಂತೆ ತುಂಡನ್ನು ಮಲಗಿಸಿ ಮುದ್ರಿಸಬೇಕಿತ್ತು. ನಿಲ್ಲಿಸಿ ಮುದ್ರಿಸಿದ್ದೆ, ಬೇಗ ಆಗುತ್ತದೆ ಅಂತ. ಕಾಕೂನ ಕುರ್ಚಿ ಇದ್ದದ್ದು ಪಶ್ಚಿಮದ ಬಿಸಿಲು ಹೊಡೆಯುವ ಕಿಟಕಿಯ ಪಕ್ಕ.

ಎಂ.ಟೆಕ್‌ನಲ್ಲಿ ಪಾಲಿಮರುಗಳ ಮೇಲೆ ಒಂದು ಇಡೀ ಪೇಪರ್ ಓದಿದವನು ನಾನು. ಈ ನಿಧಾನದ ಜರುಗುವಿಕೆಯ ಗ್ರಾಫ್ ಬಿಡಿಸಿ ಅಂಕ ಪಡೆದವನು. ಆ ಭಾನುವಾರ ಯಂತ್ರಕ್ಕೆ ಪಿಎಲ್‌ಎ ಸುರುಳಿ ಹಾಕಿತ್ತು. ಬದಲಿಸಲು ಬೇಸರವಾಯಿತು. ಇಷ್ಟೇ ಕಾರಣ.

ಪರ್ಯಾಯಗಳು ಇರಲಿಲ್ಲವೆಂದಲ್ಲ. ಪಿಇಟಿಜಿ ಸ್ವಲ್ಪ ಬಾಗುತ್ತದೆ, ಸುಮಾರು 80 ಡಿಗ್ರಿವರೆಗೆ ತಡೆಯುತ್ತದೆ. ಪಿಎಲ್‌ಎಯಂತೆ ಥಟ್ಟನೆ ಕೈಕೊಡುವುದು ಕಡಿಮೆ. ಎಬಿಎಸ್ ಇನ್ನೂ ಬಿಸಿ ತಾಳುತ್ತದೆ, ಆದರೆ ಮುದ್ರಿಸುವಾಗ ಮುದುಡಿಕೊಳ್ಳುತ್ತದೆ ಮತ್ತು ಅದರ ಹೊಗೆ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ನೈಲಾನ್ ಗಡುಸು, ಸವೆಯುವುದು ಕಡಿಮೆ, ಡ್ರಾಯರ್ ಜಾರುವ ಜಾಗಕ್ಕೆ ಹೇಳಿ ಮಾಡಿಸಿದ್ದು. ಆದರೆ ಗಾಳಿಯ ತೇವವನ್ನು ಕುಡಿಯುತ್ತದೆ, ಒಣಗಿಸಿಯೇ ಬಳಸಬೇಕು. ಕುರ್ಚಿಯ ಕಾಲಿನ ತುದಿಗೆ ಹಾಕುವ ಟೊಪ್ಪಿಗೆಗೆ ರಬ್ಬರಿನಂಥ ಟಿಪಿಯು. ಬಾಟಲಿ ಮುಚ್ಚಳಗಳನ್ನು ಕರಗಿಸಿ ಅಚ್ಚಿಗೆ ಒತ್ತಿ ಹಲಗೆ ಮಾಡುವವರೂ ಇದ್ದಾರೆ. ತ್ರಿಕೋನದೊಳಗೆ 2 ಅಥವಾ 5 ಎಂದಿದ್ದರೆ ಅದಕ್ಕೆ ಆದೀತು. 3 ಎಂದಿದ್ದರೆ ಅದು ಪಿವಿಸಿ. ಕಾಯಿಸಿದರೆ ಆಮ್ಲದ ಹೊಗೆ ಬರುತ್ತದೆ, ಮುಟ್ಟಬಾರದು.

ಕಾಕೂ ಬಿದ್ದ ವಾರ ಆಫೀಸಿನಲ್ಲಿ ನಮ್ಮ ತಂತ್ರಾಂಶದ ಹೊಸ ಆವೃತ್ತಿ ಹೊರಡುವುದಿತ್ತು. ಪ್ರತಿ ಸಲವೂ ಗ್ರಾಹಕರಿಗೆ ಕಳಿಸುವ ಕಾಗದದ ಕೊನೆಯಲ್ಲಿ 'ಗೊತ್ತಿರುವ ದೋಷಗಳು' ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಸಾಲು ಬಿಟ್ಟರೂ ನಾನು ತಂಡದ ಹುಡುಗರನ್ನು ಬೈಯುತ್ತೇನೆ. ಪಟ್ಟಿ ತಿದ್ದುತ್ತಾ ಕೂತಾಗ ಅನ್ನಿಸಿತು, ದುಡ್ಡು ಕೊಡುವ ಕಂಪನಿಗೆ ಇಷ್ಟು ಪ್ರಾಮಾಣಿಕನಾಗಿರುವ ನಾನು ಪೂರಣಪೋಳಿ ಕೊಟ್ಟ ಮುದುಕಿಗೆ ಒಂದು ಮಾತೂ ಹೇಳಿಲ್ಲ. ನಾಲ್ಕನೆಯ ದಿನ ಕೆಳಗಿಳಿದು ಹೋಗಿ ಹೇಳಿದೆ. ತುಂಡು ತಪ್ಪು ಪ್ಲಾಸ್ಟಿಕ್ಕಿನದು, ಅವಸರದಲ್ಲಿ ಮಾಡಿದೆ, ನಿಮ್ಮ ತೂಕದ ತಪ್ಪಲ್ಲ ಅಂತ.

ಕಾಕೂ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಯಾವ ಪ್ಲಾಸ್ಟಿಕ್ ಏನು ಅಂತ ನನಗೆ ಹೇಗೆ ತಿಳಿಯಬೇಕು? ನೀನು ಮಾಡಿದ್ದು ಅಂತ ಕೂತೆ. ಹೇಳಿದ್ದರೂ ಕೂರುತ್ತಿದ್ದೆ."

ಆ ಮಾತು ನನ್ನ ಲೆಕ್ಕವನ್ನೇ ತಪ್ಪಿಸಿತು. ಹೇಳಿಬಿಟ್ಟರೆ ನನ್ನ ಪಾಲಿನ ಧರ್ಮ ಮುಗಿಯಿತು ಎಂದು ನಾನು ನಂಬಿದ್ದೆ. ತಂತ್ರಾಂಶದ ಲೋಕದಲ್ಲಿ ನಾವು ಬದುಕುವುದೇ ಈ ನಂಬಿಕೆಯ ಮೇಲೆ. ಮುಕ್ತ ತಂತ್ರಾಂಶದ ಪರವಾನಗಿಗಳು 'ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಖಾತರಿಯೂ ಇಲ್ಲ' ಎನ್ನುವ ಅರ್ಥದ ಸಾಲುಗಳನ್ನು ಹೊತ್ತಿರುತ್ತವೆ. ಓದಿ ಅರ್ಥಮಾಡಿಕೊಂಡು ತೂಗಿ ನೋಡಬಲ್ಲವನಿಗೆ ಅದು ನ್ಯಾಯವೇ. ತೂಗಿ ನೋಡಲಾರದವರಿಗೆ ಹೇಳಿದರೆ ಅಪಾಯವೇನೂ ಕಡಿಮೆಯಾಗುವುದಿಲ್ಲ. ಹೊಣೆ ಮಾತ್ರ ಅವರ ಹೆಗಲಿಗೆ ದಾಟುತ್ತದೆ.

ಕಾನೂನು ಕೂಡ ನನ್ನನ್ನು ಬಿಟ್ಟುಬಿಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕರನ್ನೂ ಮಾರುವವರನ್ನೂ ಹೊಣೆ ಮಾಡುತ್ತದೆ. ಆದರೆ ಉಚಿತವಾಗಿ ಮಾಡಿಕೊಟ್ಟದ್ದು ಅದರ ಲೆಕ್ಕದಲ್ಲಿ ಸೇವೆಯೇ ಅಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿದಾಗ ನಾನು ಬಹಳ ಖುಷಿಪಟ್ಟಿದ್ದೆ. ರಿಪೇರಿ ನನ್ನ ಹಕ್ಕು ಎಂದು ಗೆಳೆಯರೊಡನೆ ವಾದಿಸಿದ್ದೆ. ರಿಪೇರಿ ಮಾಡುವವನ ಮೇಲೆ ಬೀಳುವ ಋಣದ ಬಗ್ಗೆ ಆಗ ಯೋಚಿಸಿರಲಿಲ್ಲ.

ಪಾಪಪ್ರಜ್ಞೆ ಮನುಷ್ಯನನ್ನು ಇನ್ನೊಂದು ತುದಿಗೆ ಒಯ್ಯುತ್ತದೆ. ನೈಲಾನಿನಲ್ಲಿ, ಒಳಗೆ ಟೊಳ್ಳಿಲ್ಲದಂತೆ, ಆನೆ ಕೂತರೂ ಮುರಿಯದ ತುಂಡು ಮಾಡಿ, ಉದ್ದನೆಯ ಸ್ಕ್ರೂ ಹಾಕಿ, ಮೊದಲು ನಮ್ಮ ಮನೆಯ ಅದೇ ಜೋಡಿಯ ಕುರ್ಚಿಗೆ ಕೂಡಿಸಿ ನೋಡಿದೆ. ಎರಡು ವಾರದಲ್ಲಿ ಕಟಕಟ ಸದ್ದು ಶುರುವಾಯಿತು. ತಿರುಗಿಸಿ ನೋಡಿದರೆ ನನ್ನ ತುಂಡಿಗೆ ಗೀರೂ ಬಿದ್ದಿರಲಿಲ್ಲ. ಸ್ಕ್ರೂ ಹೋದ ಜಾಗದಲ್ಲಿ ಚೌಕಟ್ಟಿನ ಮರವೇ ಸೀಳಿತ್ತು. ತುಂಡು ಮುರಿದಿದ್ದರೆ ಇನ್ನೊಂದು ಮಾಡಬಹುದಿತ್ತು. ಮರ ಸೀಳಿದ ಮೇಲೆ ಆ ಕುರ್ಚಿ ಗುಜರಿಗೇ ಹೋಯಿತು. ಅತಿ ಗಟ್ಟಿಯಾದದ್ದನ್ನು ಆರಿಸುವುದೇ ಒಳ್ಳೆಯ ಆಯ್ಕೆ ಅಲ್ಲ. ಎಲ್ಲ ವಸ್ತುವೂ ಒಂದು ದಿನ ಮುರಿಯುತ್ತದೆ; ಎಲ್ಲಿ ಮುರಿಯಬೇಕು, ಹೇಗೆ ಮುರಿಯಬೇಕು, ಮುರಿದಾಗ ನಷ್ಟ ಯಾರಿಗೆ ಎಂಬುದನ್ನು ಮಾಡುವವನು ಮೊದಲೇ ತೀರ್ಮಾನಿಸಿರುತ್ತಾನೆ. ಯೋಚಿಸದೆ ಮಾಡಿದರೂ ಅದು ತೀರ್ಮಾನವೇ.

ಇದನ್ನೆಲ್ಲ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳಿಗೆ ನೆನಪಾದದ್ದು ನಮ್ಮೂರ ಬಡಿಗೇರ ಅಜ್ಜ. "ಹೊರಸಿನ ಕಾಲು ಹಾಕಿದ ಮ್ಯಾಲೆ ಮದಲ ತಾನ ಕುಂತು ನೋಡತಿದ್ದ ನೋಡಪಾ. ಕುಂತು, ಒಂದೀಟು ಅಲಗ್ಯಾಡಿ, ಆಮ್ಯಾಲೆ ನಿಮ್ಮಜ್ಜಗ ಕುಂದ್ರು ಅಂತಿದ್ದ." ಅವನಿಗೆ ಅದಕ್ಕೆ ರೊಕ್ಕ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಆಯ ಹೋಗುತ್ತಿತ್ತು, ಇಷ್ಟು ಜೋಳ ಅಂತ. ನಮ್ಮಲ್ಲಿ ಆಯಗಾರರು, ಇಲ್ಲಿ ಬಲುತೇದಾರರು, ಪದ್ಧತಿ ಒಂದೇ. ಅದರಲ್ಲಿ ಜಾತಿಯ ಕಟ್ಟು ಇತ್ತು, ಅಪ್ಪ ಬಡಿಗನಾದರೆ ಮಗನೂ ಬಡಿಗನೇ ಆಗಬೇಕಿತ್ತು. ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವನು ಹಾಕಿದ ಕಾಲು ಮುರಿದರೆ ಮರುದಿನ ಅವನ ಬಾಗಿಲಿಗೇ ಹೋಗಿ ನಿಲ್ಲಬಹುದಿತ್ತು. ಇದು ಅವನಿಗೂ ಗೊತ್ತಿತ್ತು. ಬಂಡಿಯ ಗಾಲಿಗೆ ಜಾಲಿಯನ್ನು, ಬಾಗಿಲಿಗೆ ತೇಗವನ್ನು ಆರಿಸುವಾಗ ಆ ಮರದ ಮೇಲೆ ಭಾರ ಹಾಕುವವರ ಮುಖ ಅವನ ಕಣ್ಣ ಮುಂದಿರುತ್ತಿತ್ತು. ನಾನು ಕಾಕೂನ ಕುರ್ಚಿಯ ತುಂಡು ಬಿಡಿಸುವಾಗ ನನ್ನ ಮುಂದೆ ಇದ್ದದ್ದು ಪರದೆ ಮಾತ್ರ. ನಾಳೆ ನನಗೆ ವರ್ಗವಾದರೆ ಆ ತುಂಡು ಯಾರ ಬಾಗಿಲಿಗೂ ಹೋಗುವಂತಿಲ್ಲ.

ಕಾಕೂನ ಕುರ್ಚಿಯನ್ನು ಕೊನೆಗೆ ಎಂಐಡಿಸಿ ರಸ್ತೆಯ ಒಬ್ಬ ಸುತಾರನ ಹತ್ತಿರ ಒಯ್ದೆ. ಅವನು ನನ್ನ ತುಂಡನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ ಅಂದು ಪಕ್ಕಕ್ಕಿಟ್ಟ. ಮೂಲೆಗೆ ತಕ್ಕಂತೆ ಮರದ ತ್ರಿಕೋನ ಕೊಯ್ದು, ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದ. ಎಂಬತ್ತು ರೂಪಾಯಿ. ಮರುದಿನ ತರಲು ಹೋದಾಗ ಅವನು ಅದೇ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

ಪ್ರಿಂಟರ್ ಮಾರಿಲ್ಲ. ಹಿಡಿ, ಕೊಕ್ಕೆ, ಹಗುರ ಹಲಗೆಯ ಗೂಟ, ಕಾಲಿನ ಟೊಪ್ಪಿಗೆ ಈಗಲೂ ಮಾಡುತ್ತೇನೆ. ಪ್ರತಿಯೊಂದರ ಮೇಲೂ ತಿಂಗಳು, ವರ್ಷ, ಪ್ಲಾಸ್ಟಿಕ್ಕಿನ ಹೆಸರು ಮೂಡುವಂತೆ ಮಾಡುತ್ತೇನೆ, ನಾನು ಹೋದಮೇಲೆ ಈ ಮನೆಗೆ ಬರುವವರಿಗೆ ತಿಳಿಯಲಿ ಅಂತ. ಇನ್ನೊಬ್ಬರ ಮೈಭಾರ ಹೊರುವಂಥದ್ದನ್ನು ಮಾತ್ರ ಮಾಡುವುದಿಲ್ಲ. ಮೊನ್ನೆ ಮೂರನೆಯ ಮಹಡಿಯವರು ಮಗುವಿನ ತೊಟ್ಟಿಲಿನ ಕೊಂಡಿ ಮುರಿದಿದೆ, ಒಂದು ಮಾಡಿಕೊಡುತ್ತೀರಾ ಎಂದು ಬಂದರು. ಆಗುವುದಿಲ್ಲ ಅಂದೆ. ಇಷ್ಟು ಸಣ್ಣ ಸಹಾಯಕ್ಕೆ ಇಲ್ಲ ಅಂತಾನಲ್ಲ ಎಂಬ ಭಾವ ಅವರ ಮುಖದಲ್ಲಿ ಕಂಡಿತು. ಸುತಾರನ ಅಂಗಡಿಯ ದಾರಿ ಹೇಳಿ, ಅವರು ಹೊರಟ ಮೇಲೆ ಚಪ್ಪಲಿ ಮೆಟ್ಟಿಕೊಂಡು ನಾನೂ ಜೊತೆಗೆ ಹೋದೆ.